ನನ್ನ ಅಲಮಾರಿಯ ಬೆನ್ನು

ಇದೆಲ್ಲ ನಡೆದದ್ದು ಕಡು ಬೇಸಿಗೆಯಲ್ಲಿ ಎಂದು ನನಗೆ ಖಾತ್ರಿಯಾಗಿ ನೆನಪಿದೆ. ಆದರೆ ಅದೇ ನೆನಪಿನಲ್ಲಿ ನಮ್ಮ ಅತ್ತೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಾರೆ. ಎರಡರಲ್ಲಿ ಒಂದು ಸುಳ್ಳಿರಲೇಬೇಕು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಒಬ್ಬರೇ ಸಾಕ್ಷಿ ಹೇಳಿದ್ದನ್ನು ನಂಬಬಾರದು ಎಂದು ನಮಗೆ ಕಲಿಸಿದ್ದರು. ಆ ಒಬ್ಬರೇ ಸಾಕ್ಷಿ ನಾನೇ ಆಗಿದ್ದರೆ ಏನು ಮಾಡಬೇಕು ಎಂಬ ಪಾಠ ಬರುವಷ್ಟರಲ್ಲಿ ಪರೀಕ್ಷೆ ಬಂದಿತ್ತು. ಅದಕ್ಕೇ ಆಗಿನಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆಯುತ್ತೇನೆ. ಬರೆಯುವವಳೂ ನಾನೇ ಎಂಬ ಸಣ್ಣ ದೋಷವೊಂದನ್ನು ಬಿಟ್ಟರೆ ಅದು ಪೂರ್ತಿ ನಂಬಬಹುದಾದ ದಾಖಲೆ. ಆದ್ದರಿಂದ ಕೆಳಗಿನ ವಿವರಗಳಲ್ಲಿ ಹೆಚ್ಚುಕಡಿಮೆ ಇದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಅಲಮಾರಿಯ ವಿಷಯ ಮಾತ್ರ ನಿಜ. ಅದನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ.

ನಾವಿರುವುದು ಮಕ್ತಲಿನಲ್ಲಿ. ನಮ್ಮ ಯಜಮಾನರು ಬಸವರಾಜ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಅವರಿಗೆ ಗಿಟಾರಿನ ಹುಚ್ಚು. ಬಾರಿಸುವ ಹುಚ್ಚಾಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಸಂಸಾರ ಮಾಡಬಹುದಿತ್ತು. ಇವರದು ಗಿಟಾರ್ ಮಾಡುವ ಹುಚ್ಚು. ಇವರ ಜೊತೆಗೆ ಇನ್ನಿಬ್ಬರಿದ್ದಾರೆ. ನಾರಾಯಣಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮಲ್ಲೇಶಪ್ಪ, ಗದ್ವಾಲದಲ್ಲಿ ಸೀರೆ ಅಂಗಡಿಯ ರಹೀಮ್ ಭಾಯ್. ಮೂವರೂ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಪ್ರತಿ ರವಿವಾರ ಮುಂಜಾನೆ ಹತ್ತಕ್ಕೆ ಮೂವರೂ ತಮ್ಮ ತಮ್ಮ ಮನೆಯ ಕಾರ್ಖಾನೆಯಿಂದ ಆ ವಾರದ ಪ್ರಗತಿಯ ಫೋಟೊ ಹಾಕಬೇಕೆಂಬುದು ಅಲ್ಲಿನ ಕಾನೂನು. ನಮ್ಮ ಮನೆಯ ಕಾರ್ಖಾನೆ ಎಂದರೆ ಬಚ್ಚಲಿಗೂ ಅಡುಗೆಮನೆಗೂ ನಡುವಿನ ಓಣಿ. ಮಲ್ಲೇಶಪ್ಪ ಈವರೆಗೆ ನಾಲ್ಕು ಗಿಟಾರ್ ಮುಗಿಸಿದ್ದಾರೆ. ನಾಲ್ಕರ ಕುತ್ತಿಗೆಯೂ ಯಾರೋ ಹೆಸರು ಹಿಡಿದು ಕರೆದಂತೆ ಎಡಕ್ಕೆ ತಿರುಗಿದೆ. ರಹೀಮ್ ಭಾಯ್ ಒಂದೇ ಹಲಗೆಯನ್ನು ಒಂದೂವರೆ ವರ್ಷದಿಂದ ಮರಳು ಕಾಗದದಿಂದ ಉಜ್ಜುತ್ತಿದ್ದಾರೆ. ಒಮ್ಮೆ ಅವರ ಮನೆಯವರು ಫ್ಯಾನ್ ಹಾಕಿದಾಗ ಅದು ಮೇಜಿನಿಂದ ಹಾರಿ ಮಂಚದ ಕೆಳಗೆ ಹೋಯಿತಂತೆ. ನಮ್ಮವರದು ಮೂರು ವರ್ಷಕ್ಕೆ ಅರ್ಧ ಗಿಟಾರ್. ಪ್ರಗತಿ ಇಲ್ಲದ ವಾರ ಅದನ್ನೇ ಮಗುಚಿ ಇಟ್ಟು ಫೋಟೊ ತೆಗೆದು 'ಇನ್ನೊಂದು ಬದಿ' ಎಂದು ಬರೆದು ಹಾಕುತ್ತಾರೆ. ಉಳಿದಿಬ್ಬರೂ ಹೆಬ್ಬೆರಳು ಎತ್ತುತ್ತಾರೆ.

ಮೂವರಲ್ಲಿ ಒಬ್ಬರಿಗೂ ಗಿಟಾರ್ ಬಾರಿಸಲು ಬರುವುದಿಲ್ಲ. ಮೊದಮೊದಲು ನಾನು ಇದನ್ನು ಕೇಳುತ್ತಿದ್ದೆ. "ಅಲ್ರೀ, ಮಾಡಿದ ಮ್ಯಾಲೆ ಬಾರಸಾಕ ಯಾರನ್ನ ಕರಸ್ತೀರಿ?" ಇವರು ಬೋರ್ಡಿನ ಮುಂದೆ ನಿಂತ ಗತ್ತಿನಲ್ಲಿ, "ತೊಟ್ಟಿಲ ಮಾಡೋ ಬಡಿಗ್ಯಾ ಅದರಾಗ ಮಲಗತಾನೇನು?" ಅಂದರು. ಈ ಮಾತಿಗೆ ಉತ್ತರ ಇದೆ ಎಂದು ನನಗೆ ಗೊತ್ತು. ಇನ್ನೂ ಹೊಳೆದಿಲ್ಲ.

ಮನೆಯ ಕಷ್ಟ ಹೇಳಬೇಕೆಂದರೆ ಬಟ್ಟೆ ಕ್ಲಿಪ್ಪಿನಿಂದ ಶುರು ಮಾಡಬೇಕು. ಗಿಟಾರಿನ ಒಳಅಂಚಿಗೆ ಒಂದು ಸಪೂರ ಪಟ್ಟಿ ಅಂಟಿಸುತ್ತಾರೆ. ಅಂಟು ಒಣಗುವವರೆಗೆ ಅದನ್ನು ಉದ್ದಕ್ಕೂ ಕಚ್ಚಿ ಹಿಡಿಯಲು ಮನೆಯಲ್ಲಿರುವ ಕ್ಲಿಪ್ಪುಗಳೆಲ್ಲ ಬೇಕು. ಹಾಗಾಗಿ ನಮ್ಮ ಬಟ್ಟೆಗಳು ದೇವರ ಮೇಲೆ ಭಾರ ಹಾಕಿ ಒಣಗುತ್ತಿದ್ದವು. ನನ್ನದೊಂದು ಲಂಗ ಹಾರಿ ಎದುರು ಮನೆಯವರ ಡಿಶ್ ಆಂಟೆನಾದ ಮೇಲೆ ಎರಡು ದಿನ ಇತ್ತು. ಅದನ್ನು ನಾನು ದಿನಚರಿಯಲ್ಲಿ ಬರೆದಿಲ್ಲ. ಆದ್ದರಿಂದ ಅದು ನಡೆದಿಲ್ಲ.

ಇದಕ್ಕಿಂತ ದೊಡ್ಡ ರೋಗ ಬಡಿಯುವುದು. ಹಲಗೆ ಗಿಟಾರಿಗೆ ಆಗುತ್ತದೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡಬೇಕಂತೆ. ಒಳ್ಳೆಯ ಹಲಗೆ ಗಂಟೆಯ ಹಾಗೆ ಮಾತಾಡುತ್ತದೆ, ಕೆಟ್ಟದ್ದು ಕಣಕದ ಮುದ್ದೆಯ ಹಾಗೆ. ಇದನ್ನು ಕಲಿತಮೇಲೆ ನಮ್ಮವರಿಗೆ ಜಗತ್ತಿನಲ್ಲಿ ಕಟ್ಟಿಗೆಯಿಂದ ಮಾಡಿದ್ದೆಲ್ಲ ಬಡಿಯಲಿಕ್ಕೇ ಇದೆ ಅನ್ನಿಸತೊಡಗಿತು. ಇಟಿಕ್ಯಾಲದಲ್ಲಿ ದೂರದ ಸಂಬಂಧಿಕರೊಬ್ಬರು ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋಗಿದ್ದೆವು. ಒಳಗೆ ನಾನು ಹೆಂಗಸರ ನಡುವೆ ಕೂತಿದ್ದೇನೆ, ಇವರು ಹೊರಗೆ ತಲೆಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಮೆಲ್ಲಗೆ ಬಡಿಯುತ್ತ ನಿಂತಿದ್ದಾರೆ. ಸತ್ತವರ ಮಗ ಬಂದು ಇವರ ಹೆಗಲ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೋರಿ ಮಾಸ್ತರ, ನೀವೇ ಹಿಂಗ ಮಾಡಿದ್ರ ನಾವು ಏನ್ ಮಾಡಬೇಕು?" ಎಂದು ತಾನೇ ನೀರು ಕೊಟ್ಟ. ಈಗಲೂ ಆ ಊರಿನಲ್ಲಿ ನಮ್ಮವರಷ್ಟು ಹಚ್ಚಿಕೊಂಡವರು ಇಲ್ಲ ಎಂಬ ಹೆಸರಿದೆ.

ಇಷ್ಟರವರೆಗೆ ಅತ್ತೆ ನನ್ನ ಕಡೆಗಿದ್ದರು. ಹಾಗೆಂದು ನಾನು ತಿಳಿದಿದ್ದೆ. ಒಂದು ದಿನ ಇವರು ಪಡಸಾಲೆಯಲ್ಲಿ ಕೂತು ಒಂದು ಹಲಗೆಯನ್ನು ಬಡಿದೇ ಬಡಿದರು. ಕಡಲೆ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು, "ಏ ಬಸ್ಯಾ, ಎಷ್ಟೊತ್ತಿನಿಂದ ಬಡಿಯಾಕತ್ತಿ? ಒಳಗ ಯಾರೂ ಇಲ್ಲ ಅಂತ ಅದು ಹೇಳಾಕತ್ತೈತಿ, ನಿನಗ ಕೇಳಂಗಿಲ್ಲೇನು?" ಅಂದರು. ಇವರು ದಂಗಾಗಿ ಇನ್ನೊಂದು ಹಲಗೆ ಕೊಟ್ಟರು. ಅತ್ತೆ ಅದನ್ನು ಕಿವಿಯ ಹತ್ತಿರ ತಂದು ಒಂದೇ ಸಲ ಬಡಿದು, "ಇದಕ್ಕ ನೆಗಡಿ ಆಗೈತಿ. ನಾಕ ದಿನ ನೆರಳಾಗ ಇಡು, ಬಿಸಲಿಗಿ ಹಾಕಬ್ಯಾಡ" ಅಂದರು. ನಾಲ್ಕು ದಿನ ಬಿಟ್ಟು ಬಡಿದರೆ ಗಂಟೆ!

ಇದರಲ್ಲಿ ಪವಾಡವೇನಿಲ್ಲ. ಅತ್ತೆ ಐವತ್ತು ವರ್ಷಗಳಿಂದ ಕುಂಬಾರರ ಹತ್ತಿರ ಕೊಡ, ಗಡಿಗೆ ಬಡಿದು ನೋಡಿಯೇ ಕೊಂಡವರು. ಕಣ್ಣಿಗೆ ಕಾಣದ ಬಿರುಕು ಅವರ ಗೆಣ್ಣಿಗೆ ಕಾಣುತ್ತದೆ. ಆದರೆ ಗುಂಪಿನಲ್ಲಿ ಸುದ್ದಿ ಹೋದದ್ದೇ ತಡ, ನಮ್ಮ ಪಡಸಾಲೆ ಕಟ್ಟಿಗೆಯ ದವಾಖಾನೆಯಾಯಿತು. ಮಲ್ಲೇಶಪ್ಪ ಬಸ್ಸಿನ ಕಂಡಕ್ಟರರ ಕೈಯಲ್ಲಿ ಹಲಗೆ ಕಳಿಸುವರು. ರಹೀಮ್ ಭಾಯ್ ತಮ್ಮ ಹಲಗೆಯನ್ನು ಗದ್ವಾಲದಿಂದ ಸೀರೆಯಲ್ಲಿ ಸುತ್ತಿ ತಾವೇ ತರುವರು; ಅದು ಬಸ್ಸಿನ ಗಾಳಿಗೆ ಹಾರಿಹೋಗಬಾರದಲ್ಲ. ಅತ್ತೆ ಮಫ್ಲರ್ ಸರಿಸಿ ಒಂದೊಂದನ್ನೇ ಬಡಿದು ತೀರ್ಪು ಕೊಡುವರು. "ಇದು ಹಟಮಾರಿ, ಬಗ್ಗಂಗಿಲ್ಲ." "ಇದು ಭಾಳ ಉಂಡೈತಿ, ಸ್ವಲ್ಪ ಇಳಸು." ರಹೀಮ್ ಭಾಯಿಯ ಹಲಗೆ ಬಡಿದಾಗ ಮಾತ್ರ ಅದರ ಮೇಲೆ ಕೈಯಾಡಿಸಿ, "ಉಜ್ಜಿದ್ದು ಸಾಕಪ್ಪಾ, ಅದರ ಜೀವ ಹೊಂಟೈತಿ" ಅಂದರು. ರಹೀಮ್ ಭಾಯ್ ಕಣ್ಣೊರೆಸಿಕೊಂಡು, "ಹೌ ಅಮ್ಮೀ" ಅಂದರು. ಅತ್ತೆಯನ್ನು ಗುಂಪಿಗೆ ಸೇರಿಸಿಕೊಂಡರು. ಈಗ ಅವರೇ ಗುಂಪಿನ ಅಡ್ಮಿನ್. ನನ್ನನ್ನು ಯಾರೂ ಸೇರಿಸಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಅಲಮಾರಿ. ನಾನು ಎಂ.ಎ.ಗೆ ಹೋಗುವ ವರ್ಷ ಮಾನೋಪಾಡಿನ ನನ್ನ ಅಪ್ಪ ಮಾಡಿಸಿಕೊಟ್ಟದ್ದು. ಮಗಳ ಮದುವೆಯ ಮಂಚಕ್ಕೆಂದು ಎತ್ತಿಟ್ಟಿದ್ದ ಸಾಗವಾನಿಯನ್ನು ಬಡಿಗರಿಗೆ ಕೊಟ್ಟು, "ಮದಲ ಪುಸ್ತಕ ಇಡಾಕ ಮಾಡು, ಮಂಚ ಆಮ್ಯಾಲೆ ನೋಡೂಣು" ಅಂದರಂತೆ. ಹಾಗೆ ಅಂದದ್ದು ಅಪ್ಪನೋ, ಅಪ್ಪನಿಗೆ ಬಡಿಗರೋ ಎಂಬುದರಲ್ಲಿ ಅವ್ವನಿಗೂ ನನಗೂ ಭಿನ್ನಾಭಿಪ್ರಾಯವಿದೆ. ಅಪ್ಪ ಈಗಿಲ್ಲ. ಅವರ ಮುಖ ನೆನಪಿಸಿಕೊಂಡರೆ ನನಗೆ ಕಾಣುವುದು ಅವರದೋ, ಗೋಡೆಯ ಮೇಲಿನ ಫೋಟೊದ್ದೋ ಎಂಬ ಗುಮಾನಿ ಬರುತ್ತದೆ. ಅಲಮಾರಿಯ ಬಗ್ಗೆ ಗುಮಾನಿ ಇಲ್ಲ. ಒಳಗೆ ನನ್ನ ಅಷ್ಟೂ ವರ್ಷದ ದಿನಚರಿಗಳಿವೆ. ಅದರ ಬೆನ್ನಿಗೆ ಎರಡು ಅಗಲ ಹಲಗೆ. ಒಂದೇ ದಿಮ್ಮಿಯನ್ನು ಪುಸ್ತಕ ತೆರೆದಂತೆ ಸೀಳಿ ಕೂಡಿಸಿದ್ದು.

ಒಂದು ಮಧ್ಯಾಹ್ನ ಅತ್ತೆ ಏನೋ ಇಡಲು ಬಂದು ಅಲಮಾರಿಯೊಳಗೆ ಕೈ ಹಾಕಿದರು. ಗೆಣ್ಣು ತಾಗಿತು. ಟಣ್ ಎಂದಿತು. ಅತ್ತೆ ಅಲ್ಲೇ ನಿಂತರು. ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಸಂಭಾವಿತರು, ಅಲಮಾರಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಫೋನು ತೆಗೆದುಕೊಂಡು ಹೊರಗೆ ಹೋದರು. ಮುಂದಿನ ರವಿವಾರ ಹತ್ತಕ್ಕೆ ಮೂವರೂ ಗಂಡಸರು ನನ್ನ ಅಲಮಾರಿಯ ಮುಂದೆ, ಕನ್ಯೆ ನೋಡಲು ಬಂದವರಂತೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು.

"ಅಕ್ಕಾರ, ಬರೇ ಹಿಂದಿನ ಹಲಗಿರೀ. ಗೋಡಿ ಕಡೆ ಇರೋದು, ಯಾರ್ ನೋಡತಾರ?" ಎಂದರು ಮಲ್ಲೇಶಪ್ಪ.

"ನಿಮ್ಮ ಬೆನ್ನೂ ನಿಮಗ ಕಾಣಂಗಿಲ್ಲ. ಬಿಚ್ಚಿ ಕೊಡತೀರೇನು?" ಎಂದೆ.

"ಭಾಭೀ, ಅಪ್ಪಾಜಿ ನಿಶಾನಿ ಗಿಟಾರಿನ್ಯಾಗ ಹಾಡತೈತಿ," ಎಂದರು ರಹೀಮ್ ಭಾಯ್.

"ಅಪ್ಪಗ ಹಾಡು ಅಂದ್ರ ಆಗತಿದ್ದಿಲ್ಲ."

ಖಡಾಖಂಡಿತ ಇಲ್ಲ ಎಂದೆ. ಅಷ್ಟಕ್ಕೇ ಬಿಡದೆ ಅಲಮಾರಿಗೆ ಹೊಸ ಬೀಗ ತಂದು ಹಾಕಿ, ಕೀಲಿಯನ್ನು ಕೊರಳ ಸರಕ್ಕೆ ಪೋಣಿಸಿಕೊಂಡೆ. ಇಲ್ಲಿ ನಾನು ಮಾಡಿದ ತಪ್ಪನ್ನು ಓದುವವರು ಆಗಲೇ ಕಂಡುಕೊಂಡಿರಬಹುದು. ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಬೀಗ ಇದ್ದದ್ದು ಮುಂದೆ. ಅವರಿಗೆ ಬೇಕಾಗಿದ್ದು ಹಿಂದೆ.

ಗೊತ್ತಾದದ್ದು ಹೀಗೆ. ನನ್ನ ತಂಗಿಯ ಮಗಳ ನಾಮಕರಣದ ದಿನ ಮಳೆ ಬಂತೋ ಇಲ್ಲವೋ ಎಂದು ಫೋನಿನಲ್ಲಿ ತಂಗಿಯ ಜೊತೆ ವಾದವಾಯಿತು. ಸಾಕ್ಷಿ ತರುತ್ತೇನೆ ಇರು ಎಂದು ಬೀಗ ತೆಗೆದು ಹಳೆಯ ದಿನಚರಿಗೆ ಕೈ ಚಾಚಿದೆ. ಗೆಣ್ಣು ಹಿಂದಕ್ಕೆ ತಾಗಿತು. ಬದ್ ಎಂದಿತು. ಮತ್ತೆ ಬಡಿದೆ. ಬದ್. ಕಣಕದ ಮುದ್ದೆ! ಟಾರ್ಚ್ ಹಾಕಿ ನೋಡಿದರೆ ಪ್ಲೈವುಡ್ಡು. ಸಾಗವಾನಿಯ ಗೆರೆಗಳನ್ನು ಬ್ರಶ್ಶಿನಿಂದ ಬರೆದಿದ್ದರು. ಚೆನ್ನಾಗಿಯೇ ಬರೆದಿದ್ದರು. ನಾಮಕರಣದ ದಿನ ಮಳೆ ಬಂದಿತ್ತೇ ಎಂಬುದು ಹಾಗೇ ಉಳಿಯಿತು.

"ನನ್ನ ಕೇಳದ ತೊಗೊಂಡ್ರೇನ್ರೀ?" ಎಂದು ಇವರ ಕಾರ್ಖಾನೆಯ ಓಣಿಗೆ ನುಗ್ಗಿದೆ.

"ಕೇಳೇ ತೊಗೊಂಡೀನಿ," ಎಂದರು ಇವರು, ತಣ್ಣಗೆ. "ಪಡಸಾಲ್ಯಾಗ ಬರಕೋತ ಕುಂತಿದ್ದಿ. ಹಲಗಿ ಬಿಚ್ಚಲೇನು ಅಂದೆ. ಹೂಂ ಅಂದಿ. ಮತ್ತೊಮ್ಮಿ ಕೇಳಿದೆ. ಹೂಂ ಅಂದೆ ಅಲ್ರೀ ಅಂತ ಸಿಟ್ಟ ಮಾಡಿದಿ. ಆಮ್ಯಾಲೆ ಗಪ್ಪಾಗಿ ಬಿಚ್ಚಿದ್ವಿ."

ಸುಳ್ಳು ಎಂದು ಕೂಗಬೇಕೆಂದಿದ್ದೆ. ಆದರೆ ಇತಿಹಾಸದ ವಿದ್ಯಾರ್ಥಿನಿ, ದಾಖಲೆ ನೋಡಿದೆ. ಇವರ ಫೋನು ಕಸಿದು, ಬಿಚ್ಚಿದ ಹಲಗೆಯ ಫೋಟೊ ಗುಂಪಿಗೆ ಹೋದ ತಾರೀಕು ಹಿಡಿದು ಆ ದಿನದ ನನ್ನ ದಿನಚರಿ ತೆಗೆದೆ. ನನ್ನದೇ ಅಕ್ಷರ: 'ಇಂದು ವಿಶೇಷವೇನೂ ಇಲ್ಲ. ಪಕ್ಕದ ಮನೆಯವರು ಏನೋ ಕೀಳಿಸುತ್ತಿದ್ದಾರೆ, ಒಂದೇ ಸಮನೆ ಬಡಿತ. ಬರೆಯುವವರ ಕಷ್ಟ ಯಾರಿಗೆ ಗೊತ್ತು? ಸಹಿಸಿಕೊಂಡೆ.'

ಹಲಗೆ ವಾಪಸು ಬೇಕು ಎಂದೆ. ಇವರು ಗಿಟಾರನ್ನು ತಂದು ಮೇಜಿನ ಮೇಲೆ ಬೋರಲು ಹಾಕಿದರು. ಮೂರು ವರ್ಷದ ಅರ್ಧ ಗಿಟಾರ್ ಈಗ ಇಡೀ ಗಿಟಾರಾಗಿತ್ತು. ಅಪ್ಪನ ಎರಡು ಹಲಗೆ ಅದರ ಬೆನ್ನಾಗಿ, ಪುಸ್ತಕ ತೆರೆದಂತೆ ಮಲಗಿದ್ದವು. ನನ್ನ ಕೈಗೆ ಉಳಿ ಕೊಟ್ಟು, "ಬಿಚ್ಚತೀನಂದ್ರ ಬಿಚ್ಚು," ಎಂದರು. ನಾನು ಅಂಚಿನಲ್ಲಿ ಉಳಿ ಇಟ್ಟೆ. ಅಷ್ಟರಲ್ಲಿ ಅತ್ತೆ ಬಂದು, "ಬಿಚ್ಚುವಾಕಿ ಬಿಚ್ಚವಾ, ಅದರ ಮದಲ ಒಮ್ಮಿ ಬಡಿದು ನೋಡು," ಎಂದರು.

ಬಡಿದೆ. ಸದ್ದು ಒಳಗೆ ಹೋಗಿ, ಎಲ್ಲ ಮೂಲೆ ಸುತ್ತಿ, ಅವಸರವಿಲ್ಲದೆ ಹೊರಗೆ ಬಂತು. ಅಷ್ಟು ವರ್ಷ ಆ ಹಲಗೆಗೆ ನಾನು ನೋಟುಬುಕ್ಕುಗಳನ್ನು ಒತ್ತಿ ಇಟ್ಟು ಬಾಯಿ ಮುಚ್ಚಿಸಿದ್ದೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ವಾರ್ನಿಶ್ ವಾಸನೆಗೂ ಇರಬಹುದು. ಉಳಿ ಕೆಳಗಿಟ್ಟೆ.

ಮುಂದಿನ ರವಿವಾರ ತಂತಿ ಕಟ್ಟಿ, ಇಬ್ಬರು ಗೆಳೆಯರನ್ನೂ ಕರೆಸಿ ಉದ್ಘಾಟನೆ ಇಟ್ಟುಕೊಂಡರು. ಎಲ್ಲರೂ ಸುತ್ತ ನಿಂತೆವು. ಯಾರಿಗೂ ಬಾರಿಸಲು ಬಾರದು. ಮಲ್ಲೇಶಪ್ಪ ರಹೀಮ್ ಭಾಯ್ ಮುಖ ನೋಡಿದರು, ಅವರು ನಮ್ಮವರ ಮುಖ ನೋಡಿದರು. ಕಡೆಗೆ ಅತ್ತೆ ಗಿಟಾರನ್ನು ಮಗುಚಿ ಬೆನ್ನಿಗೆ ಒಂದು ಪೆಟ್ಟು ಬಡಿದು, "ಚಂದ ಐತಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದೆವು. ಈವರೆಗೆ ಅದರ ತಂತಿಯನ್ನು ಯಾರೂ ಮುಟ್ಟಿಲ್ಲ. ಬಂದವರೆಲ್ಲ ಬಡಿದು ನೋಡಿ ಮೆಚ್ಚಿಕೊಂಡು ಹೋಗುತ್ತಾರೆ.

ನಾನು ಸೋತೆ ಎಂದು ತಿಳಿಯಬೇಡಿ. ಆವತ್ತೇ ಒಂದು ಕರಾರು ಮಾಡಿಸಿದೆ: ಇನ್ನು ಮುಂದೆ ಈ ಮನೆಯ ಯಾವ ಕಟ್ಟಿಗೆಗೂ ಬರೀ 'ಹೂಂ' ನಡೆಯುವುದಿಲ್ಲ, ಕಾಗದದ ಮೇಲೆ ನನ್ನ ಸಹಿ ಬೇಕು. ಮೂವರೂ ತಲೆಯಾಡಿಸಿದರು. ಅತ್ತೆ ಅಡ್ಮಿನ್ ಆಗಿ ಅದನ್ನು ಗುಂಪಿನಲ್ಲಿ ಹಾಕಿದರು. ಬಾಯಿಮಾತನ್ನು ನಂಬದೆ ಬರಹವನ್ನೇ ನಂಬಿದ್ದಕ್ಕೆ ನನ್ನ ಎಂ.ಎ. ಸಾರ್ಥಕವಾಯಿತು ಎಂದು ಬೀಗಿದೆ. ಆ ಬೀಗುವಿಕೆಯನ್ನೇ ಈಗ ಪಡಸಾಲೆಯಲ್ಲಿ ಕೂತು ಸಾವಕಾಶವಾಗಿ ಬರೆಯುತ್ತಿದ್ದೇನೆ. ಮೇಲಿನ ಪ್ಯಾರಾ ಬರೆಯುವಾಗ ಇವರು ಬಂದು ಏನೋ ಅಂದರು. ಒಂದು ಕಾಗದ ಮುಂದಿಟ್ಟಂತಿತ್ತು. ಪೆನ್ನು ಕೈಯಲ್ಲೇ ಇತ್ತು. ಉಪ್ಪಿಟ್ಟಿನ ವಾಕ್ಯ ಎಲ್ಲಿ ಮುಗಿಸಲಿ ಎಂಬ ಯೋಚನೆಯಲ್ಲಿದ್ದೆ. ಕಾಗದ ಈಗ ಇಲ್ಲ, ಇವರೂ ಇಲ್ಲ. ಒಳಗಿನಿಂದ ಅವಸರವಿಲ್ಲದ ಬಡಿತವೊಂದು ಕೇಳುತ್ತಿದೆ. ಪಕ್ಕದ ಮನೆಯವರದು ಇರಬಹುದು.

ಎದುರಿಗೆ ಅತ್ತೆ ಫೋನು ಬಾಯಿಯ ಹತ್ತಿರ ಹಿಡಿದು ಗುಂಪಿಗೆ ಏನೋ ಹೇಳುತ್ತಿದ್ದವರು ನಾನು ತಲೆ ಎತ್ತಿದ್ದನ್ನು ಕಂಡು ನಿಲ್ಲಿಸಿದರು. ನಾನು ಆದಷ್ಟು ಮೆಲ್ಲಗೆ ಕೇಳಿದೆ: "ಅತ್ತ್ಯಾರ, ನಾ ಈಗ ಯಾತಕ್ಕ ಸಹಿ ಮಾಡಿದೆರೀ?"