ಆನೆಮರಿಗೆ ಹೊಡೆದ ತಮಟೆ

ಸ್ವಲ್ಪ ಹತ್ರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ಹ್ಯಾಂಡ್‌ಪೋಸ್ಟ್‌ ಸರ್ಕಲ್‌ವರೆಗೆ ಹಬ್ಬಿತು ಅಂದ್ರೆ ನೀವೇ ಹೇಳಿದ್ದು ಅಂದ್ಬುಡ್ತೀನಿ. ನಮ್ಮ ಪಕ್ಕದ ಮನೇಲಿ ಇಂಥದ್ದು ಒಂದಲ್ಲ ಒಂದು ನಡೀತಾನೇ ಇರ್ತದೆ. ಕಂಡದ್ದು ಹೇಳಿದ್ರೆ ನನ್ನ ಬಾಯಿ ಸರಿಯಿಲ್ಲ ಅಂತಾರೆ. ಅನ್ಲಿ. ಬಾಯಿ ನಂದು.

ಪಕ್ಕದ ಮನೆಯಾಕೆಗೆ ನನ್ನಷ್ಟೇ ವಯಸ್ಸು. ಅವಳ ಸೊಸೆ ಮೈಸೂರಿನೋಳು, ಕಂಪ್ಯೂಟರಲ್ಲಿ ಕಾರ್ಟೂನ್ ಸಿನಿಮಾ ಮಾಡ್ತಾಳೆ. ಈ ಸಲ ಅಮ್ಮನಿಂದ ತಪ್ಪಿಸಿಕೊಂಡ ಆನೆಮರಿ ಕಥೆ. ಅತ್ತೆ ಕಡ್ಡಿ ಮುರಿದಂಗೆ ಹೇಳಿದ್ಲು: "ಇದೊಂದು ಮುಗ್ಸು. ನಮ್ಮೋರು ನೋಡಿ ಚೆಂದಾಗದೆ ಅಂದ್ರೆ ಸರಿ. ಇಲ್ದಿದ್ರೆ ಆ ಡಬ್ಬ ಮುಚ್ಚಿಟ್ಟು ರಾಗಿ ಹೊಲಕ್ಕೆ ನಡಿ." ಪಾಪ, ಆ ಹುಡುಗಿ ಹಗಲೂ ರಾತ್ರಿ ಅದರ ಮುಂದೇನೇ ಕೂತಿರ್ತಿದ್ಲು.

೧. ಮುಚ್ಚಿದ ಬಾಗಿಲು

ಒಂದಿನ ಮೈಸೂರು ಬಸ್ಸಿಂದ ಗಡ್ಡದೋನೊಬ್ಬ ಇಳಿದು ಸೀದಾ ಆ ಮನೆಗೆ ಹೋದ. ಅತ್ತೆ ಹೊಲಕ್ಕೆ ಹೋಗಿದ್ಲು. ರೂಮಿನ ಬಾಗಿಲು ಮುಚ್ಚಿತು. ಒಳಗಿಂದ ಉಸ್, ಬುಸ್ ಅಂತ ಸದ್ದು. ನಾನು ಯಾರಿಗೂ ಹೇಳಲಿಲ್ಲ, ಎದುರು ಮನೆಯೋಳಿಗೂ ಹಿಂದಿನ ಮನೆಯೋಳಿಗೂ ಬಿಟ್ರೆ. ಮೂವರೂ ಒಂದೊಂದು ಲೋಟ ಹಿಡ್ಕೊಂಡು ಹೆಪ್ಪು ಕೇಳೋ ನೆಪದಲ್ಲಿ ಹೋಗಿ ಬಾಗಿಲು ನೂಕಿದ್ವಿ.

ಗಡ್ಡದೋನು ಖಾಲಿ ಬಿಂದಿಗೆಗೆ ಬಾಯಿಟ್ಟು ಊದ್ತಾವ್ನೆ. ಇವಳು ಮೈಕ್ ಹಿಡಿದು ಕೂತವ್ಳೆ.

"ತಾಯಿ ಆನೆ ಉಸಿರು ಅಜ್ಜಿ. ಹೊರಗಿನ ಸದ್ದು ಬರಬಾರದು ಅಂತ ಬಾಗಿಲು ಹಾಕಿದ್ವಿ" ಅಂದಳು ಸೊಸೆ. ಆಮೇಲೆ ಲೋಟಗಳ ಕಡೆ ನೋಡಿ, "ಮೂರು ಮನೇಲೂ ಒಟ್ಟಿಗೇ ಹೆಪ್ಪು ಖಾಲಿನಾ?" ಅಂದಳು.

"ಊ ಕಣಮ್ಮ, ಖಾಲಿ. ಏನೀಗ?" ಅಂದೆ. ಹೆಪ್ಪು ಈಸ್ಕೊಂಡೇ ಬಂದೆ.

೨. ಹೆಜ್ಜೆಗೊಂದು ಡುಂ

ಆ ಗಡ್ಡದೋನೇ ಸಿನಿಮಾಕ್ಕೆ ಮ್ಯೂಸಿಕ್ ಕೂರಿಸೋನು. ಮಾರನೇ ದಿನ ನೋಡ್ತೀನಿ ಅಂತ ಹೋಗಿ ಅಲ್ಲೇ ಕೂತೆ. ಮರಿ ಕಾಲಿಟ್ರೆ ಡುಂ, ಕಿವಿ ಆಡಿಸಿದ್ರೆ ಟಣ್, ಕಣ್ಣು ಮಿಟುಕಿಸಿದ್ರೆ ಟಿಣಿಂಗ್. ಅಮ್ಮ ಕಾಣದೆ ಮರಿ ಒಂಟಿಯಾಗಿ ನಿಂತರೂ ಪಿಟೀಲು ಕುಯ್ಯೋದು ನಿಲ್ಲಾಕಿಲ್ಲ.

"ಅಲ್ಲ ಕಣಪ್ಪ, ನೀನು ಉಣ್ಣೋವಾಗ ತುತ್ತಿಗೊಂದು ವಾಲಗ ಊದುಸ್ತೀಯಾ? ಆ ಮಗ ಹೆದರಿ ನಿಂತದೆ. ಒಂದು ಗಳಿಗೆ ಸುಮ್ಕಿರು."

ಸೊಸೆ "ಹೌದು, ಅಲ್ಲಿ ಏನೂ ಬೇಡ" ಅಂದಳು. ಅವನು ಪಿಟೀಲು ತೆಗೆದ. ಮರಿಯ ಉಸಿರು ಮಾತ್ರ ಉಳೀತು. ನನ್ನ ಮಾತು ನಡೀತಲ್ಲ. ಅದಕ್ಕೇ ಆಮೇಲೆ ಇನ್ನೂ ಏನೇನೋ ಹೇಳ್ತಾ ಹೋದೆ.

ಕೊನೆಗೆ ಅವನು ಕೈ ಮುಗಿದ: "ಮರಿ ಸುಮ್ಮನಾಯ್ತು ಅಜ್ಜಿ. ಈಗ ನೀವು."

೩. ಸಾವಿನ ಮನೆ

ಪಕ್ಕದ ಮನೆಯಾಕೆ ಜ್ವರ ಬಂದು ಮಲಗಿದ್ಲು. ಬೆಳಿಗ್ಗೆ ಅಂಗಳದಲ್ಲಿದ್ದೆ. ಅವರ ಮನೆಯೊಳಗಿಂದ ತಮಟೆ ಕೇಳಿಸ್ತು. ಮಾರಿಹಬ್ಬದ ತಮಟೆಯಲ್ಲ, ಚಟ್ಟದ ಮುಂದೆ ಬಡಿಯೋದು. ಗೊತ್ತಾಗದೆ ಇರೋಕೆ ನಾನೇನು ಮೈಸೂರಿನೋಳಾ? ಸರಗೂರಲ್ಲಿರೋ ಅವಳ ತಂಗಿಗೆ ಫೋನ್ ಮಾಡ್ದೆ. ಕೋಟೆಯಲ್ಲಿರೋ ನೆಂಟರಿಗೆ ಮಾಡ್ದೆ. ಅತ್ಕೊಂಡೇ ಮಾಡ್ದೆ, ಸುಮ್ಮನಲ್ಲ.

ಹಾರ ಹಿಡ್ಕೊಂಡು ಆಟೋ ತುಂಬ ಜನ ಬಂದಿಳಿದ್ರು. ಒಳಗೆ ಹೋದ್ರೆ, ಸತ್ತೋಳು ಮಂಚದ ಮೇಲೆ ಕೂತು ಗಂಜಿ ಕುಡೀತಾವ್ಳೆ.

ಸೊಸೆ ರೂಮಿಂದ ಓಡಿಬಂದಳು. ಮರಿ ಅಮ್ಮನ್ನ ಸೇರಿ ಕುಣಿಯೋ ಕಡೆಗೆ ಅಂತ ತಮಟೆ ಕೂರಿಸಿ, ದೊಡ್ಡ ಸ್ಪೀಕರಲ್ಲಿ ಕೇಳಿ ನೋಡ್ತಿದ್ಲಂತೆ. "ರಸ್ತೇಲಿ ಹೂ ಎರಚ್ಕೊಂಡು, ಕುಣ್ಕೊಂಡು ಹೋಗ್ತಿದ್ರು. ಹಬ್ಬ ಅಂತ ಕಿಟಕಿಯಿಂದ ರೆಕಾರ್ಡ್ ಮಾಡ್ಕೊಂಡೆ."

"ತಪ್ಪು ನಂದಲ್ಲ ಕಣ್ರೀ. ಅಂಗೆ ಬಡುದ್ರೆ ಯಾರೇ ಆದ್ರೂ ಸತ್ರು ಅಂತಾರೆ" ಅಂದೆ ನಾನು.

ಅತ್ತೆ ಗಂಜಿ ಲೋಟ ಕೆಳಗಿಟ್ಲು. "ಬಂದೋರು ಕೂತ್ಕಳಿ. ಅದೇನು ಮಾಡವ್ಳೋ ಎಲ್ಲಾರೂ ನೋಡ್ಬುಡಿ, ಇವತ್ತೇ ತೀರ್ಮಾನ ಆಗೋಗ್ಲಿ."

ನೋಡಿದ್ವಿ. ಸದ್ದಿಲ್ಲದೆ ಮರಿ ಒಂಟಿಯಾಗಿ ನಿಂತಾಗ ಹಾರ ಹಿಡ್ದೋರೆಲ್ಲ ಮುಂದಕ್ಕೆ ಬಗ್ಗಿದ್ರು. ಕೊನೆಗೆ ಮರಿ ಅಮ್ಮನ್ನ ಸೇರಿ ಕುಣೀತು, ಚಟ್ಟದ ತಮಟೆ ಬಿತ್ತು, ಇಡೀ ಮನೆ ಗೊಳೋ ಅಂತ ಅತ್ತಿತು. ಗಂಡ ಸತ್ತಾಗಲೂ ಅಳದ ಸರಗೂರಿನ ತಂಗಿ ಸೆರಗು ಬಾಯಿಗೆ ತುರುಕ್ಕೊಂಡಳು.

ಅತ್ತೆ ಕಣ್ಣೊರೆಸಿಕೊಂಡು ಸೊಸೆಗೆ ಹೇಳಿದ್ಲು: "ಆ ತಮಟೆ ತೆಗೆದು ಹಬ್ಬದ್ದು ಆಕು. ನನ್ನ ತಂಗಿನ್ನೇ ಅಳಿಸ್ದೋಳು ನೀನು, ಹೊಲಕ್ಕೆ ಬ್ಯಾರೆ ಆಳು ಕರೀತೀನಿ ಬುಡು."

ಆಮೇಲೆ ಅಷ್ಟೂ ಜನದ ಎದುರಿಗೆ ನನ್ನ ಮುಖ ನೋಡಿ ಅಂದ್ಲು:

"ನೋಡಮ್ಮ, ಇನ್ನೊಂದು ಸಲ ನನ್ನ ಸಾಯಿಸೋ ಮುಂಚೆ, ನನ್ನೂ ಒಂದು ಮಾತು ಕೇಳು."