ಜೂನ್ ಒಂದಕ್ಕೆ ಹುಟ್ಟಿದವರು

ಪುಕ್ಕಟೆ ಸಿಕ್ಕಿದ್ದನ್ನು ಬಿಡಬಾರದು ಎಂಬುದು ನನ್ನ ಹುಟ್ಟುಗುಣ. ಮದುವೆ ಮನೆಯಲ್ಲಿ ಎರಡು ಸಲ ಎಲೆ-ಅಡಿಕೆ ಇಸಿದುಕೊಳ್ಳುವವನು ನಾನು. ಇಂಥವನ ಮನೆಗೆ ಇಂಟರ್ನೆಟ್ ಬಂದರೆ ಏನಾಗಬೇಕೋ ಅದೇ ಆಯಿತು. ಜಮಖಂಡಿಯ ನಮ್ಮ ಪಡಸಾಲೆಯಲ್ಲಿ ಕಂಪ್ಯೂಟರ್ ಬಂದು ಕೂತ ತಿಂಗಳೊಳಗೆ, ಜಗತ್ತಿನ ಪುಕ್ಕಟೆ ವೆಬ್‌ಸೈಟುಗಳ ಹೆಸರು ಬರೆದಿಡಲು ನೂರು ಪುಟದ ನೋಟ್‌ಬುಕ್ ತಂದೆ. ಜನ ಸಿನಿಮಾ, ಕ್ರಿಕೆಟ್ಟು ಅಂತ ಹೋದರೆ ನಾನು ಯಾರ ಕಣ್ಣಿಗೂ ಬೀಳದ್ದನ್ನು ಹುಡುಕುತ್ತಿದ್ದೆ. ಮುಧೋಳದಿಂದ ಮಂಗೋಲಿಯಾಕ್ಕೆ ನಡೆದು ಹೋದರೆ ಎಷ್ಟು ದಿನ ಎಂದು ಹೇಳುವ ಸೈಟು ನನ್ನ ಬಳಿ ಇತ್ತು. ಬರೀ ಮಳೆಯ ಸಪ್ಪಳ ಕೇಳಿಸುವ ಇನ್ನೊಂದಿತ್ತು. ಅದನ್ನು ಮೊದಲ ಸಲ ಜೋರಾಗಿ ಹಚ್ಚಿದಾಗ ನನ್ನ ಹೆಂಡತಿ ಶಾಂತಾ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಮಾಳಿಗೆಗೆ ಓಡಿ, ಒಣಹಾಕಿದ್ದ ಶಾವಿಗೆಯನ್ನೆಲ್ಲ ಬಳಿದುಕೊಂಡು ಬಂದಳು. ಮೇಲೆ ರಣರಣ ಬಿಸಿಲು. ಅಷ್ಟರಲ್ಲಿ ಕರಕಾದ ಆ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು.

ಇಂಥದ್ದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ, ಯಾಕೆಂದರೆ ನಾನು ಹಿರಿಯ. ಶಾಂತಾ ಸಾಲೆಯ ಟೀಚರು. ಓದಿನಲ್ಲಿ ನನಗಿಂತ ಮುಂದೆ, ಎತ್ತರದಲ್ಲಿ ಸರಿಸಮ, ಮಾತಿನಲ್ಲಂತೂ ನಾನು ಕೇಳುವವನು. ವಯಸ್ಸೊಂದರಲ್ಲಿ ಮಾತ್ರ ನಾನು ಅವಳಿಗಿಂತ ಒಂದೂಕಾಲು ವರ್ಷ ದೊಡ್ಡವ. ಯಾವ ಜಗಳವನ್ನಾದರೂ "ನಾ ನಿನಗಿಂತ ದೊಡ್ಡಾಂವ, ಜಗಾ ನೋಡೇನಿ" ಎಂದು ಮುಗಿಸುತ್ತಿದ್ದೆ. ನಮ್ಮ ಕಡೆ ದಸರೆಯ ಸಂಜೆ ಚಿಕ್ಕವರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಶಾಂತಾ ಬನ್ನಿ ಕೊಟ್ಟು ಬಗ್ಗಿದಾಗ ನಾನು "ಬಂಗಾರದಂಗ ಇರು" ಎಂದು ಗಂಭೀರವಾಗಿ ಹರಸುತ್ತಿದ್ದೆ. ವರ್ಷಕ್ಕೊಮ್ಮೆ ಸಿಗುವ ಆ ಸುಖಕ್ಕಾಗಿ ಎಷ್ಟು ಕರಕು ರೊಟ್ಟಿಯನ್ನಾದರೂ ತಿನ್ನಬಹುದು.

ಹೀಗಿರುವಾಗ ನನಗೆ ಹಳೆಯ ಪಂಚಾಂಗದ ಸೈಟು ಸಿಕ್ಕಿತು. ತಿಂಗಳು, ತಿಥಿ, ವಾರ ಹೇಳಿದರೆ ಸಾಕು, ಅದು ಯಾವ ವರ್ಷದ ಯಾವ ತಾರೀಖು ಎಂದು ಹುಡುಕಿಕೊಡುತ್ತಿತ್ತು. ಇದರ ಬೆಲೆ ಬೇರೆಯವರಿಗೆ ತಿಳಿಯದು, ನಮ್ಮವರಿಗೆ ತಿಳಿಯುತ್ತದೆ. ನನ್ನ ಓರಗೆಯವರಲ್ಲಿ ಬಹಳ ಮಂದಿ ಜೂನ್ ಒಂದಕ್ಕೆ ಹುಟ್ಟಿದವರು. ಆ ದಿನ ಸೂಲಗಿತ್ತಿಯರಿಗೆ ಪುರಸೊತ್ತಿರಲಿಲ್ಲ ಎಂದಲ್ಲ, ಆ ದಿನ ಸಾಲೆ ಶುರುವಾಗುತ್ತಿತ್ತು. ತಾರೀಖು ಗೊತ್ತಿಲ್ಲದ ಮಕ್ಕಳನ್ನೆಲ್ಲ ಮಾಸ್ತರರು ಅಂದೇ ಹುಟ್ಟಿಸಿಬಿಡುತ್ತಿದ್ದರು.

ಮೊದಲು ನಮ್ಮ ಆಫೀಸಿನ ಜವಾನ, ಬಾಡಗಂಡಿಯ ಬೀರಪ್ಪನ ಪಾಳಿ. "ಬನದ ಹುಣ್ಣಿಮಿ ಮರುದಿನ, ಮಂಗಳವಾರ ಅಂತ ನಮ್ಮವ್ವ ಹೇಳತಿದ್ಲರಿ" ಎಂದ. ಹುಡುಕಿದೆ, ಜನವರಿಯ ಒಂದು ಮಂಗಳವಾರ ಸಿಕ್ಕಿತು. ಬೀರಪ್ಪ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸಾಹೇಬ್ರ, ಇಷ್ಟ ದಿನಾ ಮಾಸ್ತರು ಬರಕೊಂಡ ದಿನದಾಗ ಇದ್ನಿರಿ. ನಮ್ಮವ್ವ ಹಡದ ದಿನಾ ಇವತ್ತ ಸಿಕ್ತ ನೋಡ್ರಿ" ಎಂದವನ ಕಣ್ಣು ತುಂಬಿದವು. ನನಗೋ ಹೆಮ್ಮೆ ತಡೆಯಲಾಗಲಿಲ್ಲ. ಸುದ್ದಿ ಹಬ್ಬಿ ಬೀಳಗಿಯಿಂದ, ಬನಹಟ್ಟಿಯಿಂದ ಜನ ತಮ್ಮ ಹುಣ್ಣಿಮೆ-ಅಮಾವಾಸ್ಯೆ ಹೊತ್ತುಕೊಂಡು ಬಂದರು. ಭಾನುವಾರ ಪಡಸಾಲೆ ತುಂಬುತ್ತಿತ್ತು. ಶಾಂತಾ ಚಹಾ ಮಾಡಿ ಮಾಡಿ ದಣಿದು, "ಮಂದೀದೆಲ್ಲಾ ಆತು. ನಿಮ್ಮದs ತಗೀರಿ ಒಮ್ಮೆ" ಎಂದಳು.

ಸರಿಯಾಗಿ ಅದೇ ಹೊತ್ತಿಗೆ ನಮ್ಮೂರು ಅನಗವಾಡಿಯಿಂದ ಅವ್ವ ಬಂದಿದ್ದಳು. ನಾವು ಕುರಿ ಕಾಯುವ ಮನೆತನದವರು. ಅವ್ವನಿಗೆ ಅಕ್ಷರ ಬಾರದು, ನೆನಪು ಮಾತ್ರ ಕಲ್ಲಿನ ಬರಹ.

"ಯವ್ವಾ, ನಾ ಯಾವಾಗ ಹುಟ್ಟೀನಿ ಬೇ?"

"ಎರಡ ಶ್ರಾವಣ ಬಂದ ವರ್ಷ. ಮೊದಲನೇ ಶ್ರಾವಣದ ಹುಣ್ಣಿಮಿ ಆಗಿ ಮೂರ ದಿನಕ್ಕ. ಹೆಂಗ ಮರೀಲಿ? ಎರಡೂ ತಿಂಗಳು ನಿಮ್ಮಜ್ಜಿ ಮನ್ಯಾಗ ಬಾಡ ಮಾಡಗೊಡಲಿಲ್ಲ. ಹಟ್ಟಿ ತುಂಬ ಕುರಿ, ಬಾಣಂತಿಗೆ ಬ್ಯಾಳಿಕಟ್ಟು!"

ಎರಡು ಶ್ರಾವಣ ಎಲ್ಲ ವರ್ಷ ಬರುವುದಿಲ್ಲ. ಸೈಟು ತೋರಿಸಿದ ತಾರೀಖು ನನ್ನ ಸಾಲೆಯ ದಾಖಲೆಯ ಜೂನ್ ಒಂದಕ್ಕಿಂತ ಎರಡು ವರ್ಷ ಎರಡು ತಿಂಗಳು ಈಚೆಗಿತ್ತು. ಅದರ ಆಸುಪಾಸಿನಲ್ಲಿ ಎರಡು ಶ್ರಾವಣದ ಬೇರೊಂದು ವರ್ಷವಿರಲಿಲ್ಲ. ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದರೂ ಅದೇ ವರ್ಷ. ಶಾಂತಾ ಒಳಗೆ ಹೋಗಿ ಟ್ರಂಕಿನಿಂದ ತಾನು ಹುಟ್ಟಿದ ಆಸ್ಪತ್ರೆಯ ಚೀಟಿ ತಂದಳು. ಬೆರಳಲ್ಲಿ ಎಣಿಸಿದಳು.

"ಹನ್ನೊಂದ ತಿಂಗಳು ನಾನs ದೊಡ್ಡಾಕಿ" ಎಂದಳು. ಅಷ್ಟೇ. ಆಮೇಲೆ ಅಡುಗೆಮನೆಯಿಂದ ಹಾಡು ಗುನುಗುವುದು ಕೇಳಿಸಿತು.

"ಸಾಲ್ಯಾಗ ಯಾಕ ಹಂಗ ಬರಿಸಿದಿ ಬೇ?" ಎಂದು ಅವ್ವನ ಮೇಲೆ ಹಾಯ್ದೆ.

"ನಾ ಕುರಿ ಹಿಂದ ಹೋಗಬೇಕಿತ್ತು, ನಿನ್ನ ಎಲ್ಲಿ ಬಿಡ್ಲಿ? ತಲಿ ಮ್ಯಾಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದ್ರ ಆರು ವರ್ಷ ಅಂತಿದ್ರು ಮಾಸ್ತರು. ನಿನ್ನ ಕೈ ಮುಟ್ಟಲಿಲ್ಲ. ಅವರು ಅತ್ತಾಗ ಹೊಳ್ಳಿದಾಗ ನಿನ್ನ ಕಿವೀನs ಮ್ಯಾಲ ಜಗ್ಗಿ ಮುಟ್ಟಿಸಿದ್ನಿ."

"ಲಗ್ನದಾಗರ ಹೇಳಬಾರದಿತ್ತೇನು?"

"ಹೇಳಿದ್ರ ಬೀಗರು ಹೆಣ್ಣ ಕೊಡತಿದ್ರೇನಲೇ?"

ಸುಮ್ಮನೆ ಕಿವಿ ಮುಟ್ಟಿ ನೋಡಿಕೊಂಡೆ. ನಾಲ್ಕು ತುಂಬದ ಕೂಸನ್ನು ಕಿವಿ ಜಗ್ಗಿ ಸಾಲೆಗೆ ಸೇರಿಸದಿದ್ದರೆ ನಮ್ಮ ಹಟ್ಟಿಯಲ್ಲಿ ಮೊದಲ ನೌಕರಿ ನನಗೆಲ್ಲಿ ಸಿಗುತ್ತಿತ್ತು? ಅವ್ವನ ಬಗ್ಗೆ ಹೆಮ್ಮೆಯಾಯಿತು. ಆದರೆ ದಸರೆ ಹತ್ತಿರವಾದಂತೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟೆ.

ದಸರೆಯ ಸಂಜೆ ನಾನು ಬನ್ನಿ ತಂದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಶಾಂತಾ ಹೊಸ ಸೀರೆಯುಟ್ಟು ಅವಳ ಪಕ್ಕದಲ್ಲೇ, ಎರಡೂ ಪಾದ ಜೋಡಿಸಿಕೊಂಡು ಕೂತಿದ್ದಳು. ನಮ್ಮ ಮನೆಗೆ ಬನ್ನಿ ಕೊಡಲು ಬಂದ ಬೀರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಅವ್ವನ ಕೈಗೆ ಬನ್ನಿ ಕೊಟ್ಟು ಬಗ್ಗಿದೆ. ಎದ್ದು ನಿಲ್ಲಬೇಕೆನ್ನುವಷ್ಟರಲ್ಲಿ ಶಾಂತಾಳ ಕೈ ಮುಂದೆ ಬಂತು. ಅವ್ವನ ಮುಖ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. ಶಾಂತಾಳ ಕೈಗೆ ಬನ್ನಿ ಇಟ್ಟೆ. ಅದರಲ್ಲೊಂದು ಎಲೆ ಜಾರಿ ಅವಳ ಪಾದದ ಹತ್ತಿರ ಬಿತ್ತು.

"ಬಂಗಾರದಂಗ ಇರ್ರಿ" ಎಂದು ಥೇಟ್ ನನ್ನದೇ ಗಾಂಭೀರ್ಯದಲ್ಲಿ ಹರಸಿದಳು.

ಬಿದ್ದ ಎಲೆಯನ್ನು ಎತ್ತಿಕೊಳ್ಳಲು ಬಗ್ಗಿದ್ದೆ ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಬೀರಪ್ಪನೊಬ್ಬ ನಂಬಿದ್ದಾನೆ.