ನನ್ನ ಚಾಲನೆ ಸರಿಯಿಲ್ಲವೇ?

"ಭಾವ, ಊರು ಮುಟ್ಟೋವರೆಗೂ ಈ ಲಾರಿ ಬೆನ್ನನ್ನೇ ನೋಡ್ತಾ ಹೋಗೋದಾ?"

ಹಿಂದಿನ ಸೀಟಿನಿಂದ ಭಾಮೈದ ಈ ಪ್ರಶ್ನೆ ಕೇಳದಿದ್ದರೆ ಆ ದಿನ ಕೈಪಿಡಿಯ ಬದುಕಿನಲ್ಲಿ ಏನೂ ಆಗುತ್ತಿರಲಿಲ್ಲ. ಅವನ ಬದುಕಿನಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಕೈಪಿಡಿ ಎನ್ನುವುದು ಕಚೇರಿಯವರು ಇಟ್ಟ ಅಡ್ಡಹೆಸರು. ರಸ್ತೆ ಸುರಕ್ಷತಾ ಇಲಾಖೆಯ ಗುಮಾಸ್ತನಾದ ಅವನು 'ಹೆದ್ದಾರಿಯಲ್ಲಿ ಲಾರಿಗಳ ಜೊತೆ: ಹನ್ನೆರಡು ಸೂತ್ರಗಳು' ಎಂಬ ಪುಸ್ತಿಕೆ ಬರೆದಿದ್ದ. ಮೂರನೇ ಮಹಡಿಯಲ್ಲಿ, ಹೆದ್ದಾರಿ ಕಾಣುವ ಕಿಟಕಿಗೆ ಬೆನ್ನು ಹಾಕಿ ಕೂತು ಬರೆದದ್ದು. ಹೆದ್ದಾರಿ ಎಂದರೆ ಅವನ ಎದೆ ಡವಡವ ಎನ್ನುತ್ತಿತ್ತು. ಲಾರಿಯ ಗಾಲಿ ಪಕ್ಕಕ್ಕೆ ಬಂದರೆ ಸಾಕು, ಅಂಗೈ ಬೆವರಿ ಸ್ಟೀರಿಂಗು ಹಿಡಿದ ಮೀನಿನ ಹಾಗೆ ಜಾರುತ್ತಿತ್ತು. ಆದರೂ ತಿಂಗಳಿಗೆ ನಾಲ್ಕು ಸಲ ಕಾರು ಓಡಿಸಿಕೊಂಡು ದೂರದೂರಿಗೆ ಹೋಗಿ ಭಾಷಣ ಮಾಡಬೇಕಿತ್ತು.

ಈಗ ಮುದ್ರಣ ವಿಭಾಗದ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿಗೂ ಗಾಲಿಗಳಿದ್ದವು, ಆದರೆ ಅವು ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಪಕ್ಕದ ನಗರದಲ್ಲಿ, ಮೇಲಧಿಕಾರಿಯ ಎದುರು, ಇನ್ನೂರು ಲಾರಿ ಚಾಲಕರಿಗೆ ಮಾಡುವ ಭಾಷಣ ಚೆನ್ನಾಗಿ ನಡೆದರೆ ಆ ಕುರ್ಚಿ ಅವನದು. ಆಮೇಲೆ ಸಾಯುವ ತನಕ ಹೆದ್ದಾರಿಯ ಸಹವಾಸ ಬೇಡ.

ಅದೇ ಊರಿನ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕೆಂದು ಅತ್ತೆ ಮುಂದಿನ ಸೀಟು ಹಿಡಿದಿದ್ದರು. ಅವರಿಗೆ ಜೊತೆಯಾಗಿ ಭಾಮೈದ. ಯಾವ ಕೆಲಸದಲ್ಲೂ ಮೂರು ತಿಂಗಳು ನಿಲ್ಲದೆ, ಎಲ್ಲ ಕೆಲಸದ ಬಗ್ಗೆಯೂ ಸಲಹೆ ಕೊಡಬಲ್ಲವನು.

ಮುಂದಿದ್ದ ನೀಲಿ ಲಾರಿ ಗೋಡೆ ಗಡಿಯಾರದಷ್ಟು ನಿಯತ್ತಾಗಿ ಒಂದೇ ವೇಗದಲ್ಲಿ ಸಾಗಿತ್ತು.

"ನಮ್ಮ ಯಜಮಾನ್ರಾಗಿದ್ರೆ ಇಂಥ ಲಾರೀನ ಸೈಕಲ್ಲಲ್ಲೇ ಹಿಂದೆ ಹಾಕ್ತಿದ್ರು," ಎಂದರು ಅತ್ತೆ.

ಸತ್ತ ಮಾವನ ಸೈಕಲ್ಲಿಗೆ ಸೋಲುವುದು ಯಾವ ಅಳಿಯನಿಂದಲೂ ಆಗದು. ಕೈಪಿಡಿ ಕಣ್ಣು ಅರೆಮುಚ್ಚಿ, ಹಲ್ಲು ಕಚ್ಚಿ ಲಾರಿಯನ್ನು ದಾಟಿದ. ದಾಟಿದವನೇ ಅದರ ಮೂಗಿನ ಕೆಳಗೇ ನುಗ್ಗಿದ. 'ಲಾರಿಯ ಪೂರ್ತಿ ಮುಖ ನಿಮ್ಮ ಕನ್ನಡಿಯಲ್ಲಿ ಕಾಣುವ ತನಕ ಅದರ ಮುಂದೆ ಬರಬೇಡಿ' ಎಂಬ ನಾಲ್ಕನೇ ಸೂತ್ರ ಬರೆದವನು ಅವನೇ. ಅವನ ಕನ್ನಡಿಯಲ್ಲಿ ಆಗ ಕಂಡದ್ದು ಒಂದೇ ಒಂದು ದೀಪ.

"ಅಯ್ಯಯ್ಯೋ, ನನ್ನ ಕನ್ನಡಕ!" ಅತ್ತೆ ಚೀರಿದರು. "ಮನೇಲೇ ಬಿಟ್ಟೆ!"

ಕೈಪಿಡಿ ಬ್ರೇಕ್ ಒತ್ತಿದ. ಹಿಂದೆ ನಲವತ್ತು ಟನ್ನಿನ ಕಬ್ಬಿಣ ಕಿರುಚಿಕೊಂಡಿತು. ಹಾರ್ನಿನ ಸದ್ದಿಗೆ ಮೂವರೂ ಸೀಟಿನಿಂದ ಒಂದು ಗೇಣು ಎದ್ದರು.

"ತಲೆ ಮೇಲೇ ಇದೆಯಲ್ಲಮ್ಮಾ," ಎಂದ ಭಾಮೈದ.

ಲಾರಿ ಅವರನ್ನು ಬಳಸಿಕೊಂಡು ಮುಂದೆ ಹೋಯಿತು. "ನಮಗೇ ಹಾರ್ನ್ ಹೊಡೀತಾನಲ್ಲ! ಬಿಡಬೇಡಿ ಭಾವ, ಪಕ್ಕಕ್ಕೆ ತಗೊಳ್ಳಿ, ನಾಲ್ಕು ಮಾತು ಕೇಳೇ ಬಿಡೋಣ."

ಕೈಪಿಡಿ ಪಕ್ಕಕ್ಕೆ ತಗೊಂಡ. ಲಾರಿಯ ನಡುಭಾಗಕ್ಕೆ ಉಣ್ಣೆಹುಳದಂತೆ ಅಂಟಿಕೊಂಡು ಒಂದು ಮೈಲಿ ಓಡಿಸಿದ. ಚಾಲಕನ ಕನ್ನಡಿಗೆ ಕಾಣದ ಆ ಜಾಗದಲ್ಲಿ ಒಂದು ಕ್ಷಣವೂ ನಿಲ್ಲಬಾರದು ಎನ್ನುವುದು ಏಳನೇ ಸೂತ್ರ. ಭಾಮೈದ ಕಿಟಕಿಯಿಂದ ಬೈದ. ಅತ್ತೆ ಕಿಟಕಿಯಾಚೆ ಕೊಡೆ ಝಳಪಿಸಿದರು. ಇದ್ಯಾವುದನ್ನೂ ಕಾಣದ ಚಾಲಕ ದೀಪ ಮಿಣುಕಿಸಿ, ಸಾಕಷ್ಟು ಕಾದು, ನಿಧಾನವಾಗಿ ಇವರ ಲೇನಿಗೆ ವಾಲಿದ.

ಕಾರು ರಸ್ತೆಯಂಚಿಗೆ ಹಾರಿತು. ಪಕ್ಕದ ಕನ್ನಡಿ ಕಂಬಿಗೆ ತಾಗಿ ಉದುರಿತು. ಫ್ಲಾಸ್ಕಿನ ಬಿಸಿ ಚಹಾ ಅಷ್ಟೂ ಕೈಪಿಡಿಯ ತೊಡೆಯ ಮೇಲೆ.

ಉರಿ ಮನುಷ್ಯನಿಗೆ ಧೈರ್ಯ ಕೊಡುತ್ತದೆ. ಮತ್ತೆ ರಸ್ತೆಗಿಳಿದ ಕೈಪಿಡಿಯ ಕಣ್ಣಿಗೆ ಲಾರಿಯ ಬೆನ್ನ ಮೇಲಿನ ಬರಹ ಬಿತ್ತು: 'ನನ್ನ ಚಾಲನೆ ಸರಿಯಿಲ್ಲವೇ? ಕರೆ ಮಾಡಿ.' ಭಾಮೈದ ಆ ನಂಬರ್ ಒತ್ತಿ ಫೋನನ್ನು ಭಾವನ ಕಿವಿಗೆ ಅದುಮಿ ಹಿಡಿದ. ಅಲ್ಲಿಗೆ, ಓಡಿಸುವಾಗ ಫೋನ್ ಬೇಡ ಎನ್ನುವ ಒಂಬತ್ತನೇ ಸೂತ್ರವೂ ಮುಗಿಯಿತು.

"ನಾನು ಯಾರು ಗೊತ್ತಾ? ಸುರಕ್ಷತಾ ಇಲಾಖೆಯವನು! ನಿಮ್ಮ ಡ್ರೈವರ್ ಇವತ್ತೇ ಮನೆಗೆ ಹೋಗ್ಬೇಕು!"

"ಆಯ್ತು ಸಾರ್," ಎಂದಿತು ಒಂದು ಹೆಣ್ಣುದನಿ. "ಇಲಾಖೆ ನಿಯಮದ ಪ್ರಕಾರ ಒಂದು ಗಂಟೆಯೊಳಗೆ ಆಗಬೇಕಾದ್ದು ಆಗುತ್ತೆ."

"ಆ ನಿಯಮ ಬರೆದಿದ್ದೇ ನಾನು!"

"ಒಳ್ಳೇದು ಸಾರ್."

ಹನ್ನೊಂದೂಕಾಲಿಗೆ ಕೈಪಿಡಿ ಒದ್ದೆ ಪ್ಯಾಂಟಿನ ಮುಂದೆ ಫೈಲು ಹಿಡಿದು ಸಭಾಂಗಣ ಹೊಕ್ಕ. ಡಾಕ್ಟರಿಗೆ ಇನ್ನೂ ಹೊತ್ತಿದೆಯೆಂದು ಅತ್ತೆ, ಭಾಮೈದ ಮೊದಲ ಸಾಲಿನಲ್ಲೇ ಕೂತರು.

"ಭಾಷಣ ಇರಲಿ ಬಿಡಿ," ಎಂದರು ಮೇಲಧಿಕಾರಿ. "ಯಾರದೋ ದೂರಿನ ಮೇಲೆ ಈಗ ತಾನೇ ಒಂದು ಲಾರಿಯ ಕ್ಯಾಮೆರಾ ಚಿತ್ರ ನನಗೆ ಬಂತು. ದೂರು ಬಂದ್ರೆ ಲಾರಿಯ ನಾಲ್ಕೂ ಕಡೆಯ ಚಿತ್ರ ಒಂದು ಗಂಟೆಯೊಳಗೆ ನಮಗೆ ಕಳಿಸ್ಬೇಕು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ? ತುಂಬಾ ಉಪಯೋಗ ಆಯ್ತು. ಚಿತ್ರ ಓಡ್ತಿರಲಿ, ಈ ಮಹಾನುಭಾವ ಯಾವ್ಯಾವ ಸೂತ್ರ ಮುರೀತಾನೆ ಅಂತ ನೀವು ಹೇಳ್ತಾ ಹೋಗಿ."

ದೀಪ ಆರಿತು. ಗೋಡೆಯ ಮೇಲೆ, ಆನೆಯಷ್ಟು ದೊಡ್ಡದಾಗಿ, ಅವನ ಕಾರು.

"ನಾ... ನಾಲ್ಕನೆಯದು," ಎಂದ ಕೈಪಿಡಿ. ಸಭೆ ನಕ್ಕಿತು. "ಏಳನೆಯದು." ಕೆಲವರು ಬೆಂಚು ಬಡಿದು ನಕ್ಕರು.

"ಅದು ನನ್ನ ಕೊಡೆ!" ಕತ್ತಲಲ್ಲಿ ಅತ್ತೆ ಸಂಭ್ರಮದಿಂದ ಕೂಗಿದರು. "ನೋಡೋ, ನಾನೂ ಕಾಣ್ತಿದ್ದೀನಿ! ಅಳಿಯಂದ್ರೇ, ನೀವೂ ಇದ್ದೀರಿ!"

ದೀಪ ಹತ್ತಿತು. ಇನ್ನೂರು ಜೋಡಿ ಕಣ್ಣು ಕೈಪಿಡಿಯ ಮೇಲೆ. ಕುರ್ಚಿ ಕಣ್ಣೆದುರೇ ಉರುಳಿಕೊಂಡು ದೂರ ಹೋಗುವುದನ್ನು ಅವನು ಕಂಡ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ:

"ಬೇಕಂತಲೇ ಮಾಡಿದ್ದು ಮೇಡಂ. ಪ್ರಾತ್ಯಕ್ಷಿಕೆ. ದೂರು ಕೊಟ್ಟಿದ್ದೂ ನಾನೇ."

ಮೇಲಧಿಕಾರಿ ಅವನ ಮುಖ ನೋಡಿದರು, ಪ್ಯಾಂಟು ನೋಡಿದರು. ಆಮೇಲೆ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು.

"ಇಂಥ ಕಲಾವಿದರನ್ನ ಮುದ್ರಣ ವಿಭಾಗದಲ್ಲಿ ಕೂರಿಸೋದು ಅನ್ಯಾಯ," ಎಂದರು. "ಮುಂದಿನ ವಾರದಿಂದ ದಿನಾ ಒಂದೊಂದು ಊರಿನ ಹೆದ್ದಾರೀಲಿ ಇದನ್ನೇ ಮಾಡಿ ತೋರಿಸ್ತೀರಿ. ಅದೇ ಕಾರು, ಅದೇ ಲಾರಿ. ಬೇರೆ ಎಲ್ಲ ಕೆಲಸದಿಂದ ನಿಮಗೆ ಬಿಡುಗಡೆ."

ವಿಚಾರಣೆಗೆಂದು ಕರೆಸಿದ್ದ ನೀಲಿ ಲಾರಿಯ ಚಾಲಕ ಎದ್ದು ಬಂದು ಕೈಪಿಡಿಯ ಬೆವರಿದ ಕೈ ಕುಲುಕಿದ. "ಸಾರ್, ನನ್ನದೊಂದೇ ವಿನಂತಿ. ಇನ್ಮೇಲೆ ಎಲ್ಲಿ ಬ್ರೇಕ್ ಹಾಕ್ತೀರಿ ಅಂತ ಮೊದಲೇ ಹೇಳ್ಬಿಡಿ."

"ಅದನ್ನ ನನ್ನ ಕೇಳಿ," ಎಂದರು ಅತ್ತೆ, ಕನ್ನಡಕವನ್ನು ತಲೆಯ ಮೇಲೇರಿಸುತ್ತ. "ಮತ್ತೆ ನಾನು ಕೆಂಪು ಕೊಡೆ ತರ್ತೀನಿ. ಈ ಕಪ್ಪು ಕೊಡೆ ಚಿತ್ರದಲ್ಲಿ ಎದ್ದು ಕಾಣಲ್ಲ."